ಪೈಪಿನ ಕಣ್ಣಿಗೆ ಕೆಂಪು ರೇಷ್ಮೆ

ಅಣ್ಣ ನನಗೆ ವಹಿಸಿದ್ದು ಸಣ್ಣ ಕೆಲಸ. ನದಿ ದಂಡೆಯ ಪಂಪ್‌ಹೌಸಿನ ಕಬ್ಬಿಣದ ಪೈಪು ತಿರುಗುವ ಜಾಗದಲ್ಲಿ ಅವನೇ ಕೊರೆದ ಒಂದು ಸಣ್ಣ ತೂತಿತ್ತು. ಅದರಿಂದ ನೀರು ಬಂದರೆ ಮೋಟರ್ ನಿಲ್ಲಿಸಬೇಕು, ತನಗೆ ಕಾಗದ ಬರೆಯಬೇಕು ಎಂದಿದ್ದ. ನೀರು ಬಂತು. ನಾನು ಮೋಟರ್ ನಿಲ್ಲಿಸಲಿಲ್ಲ. ಕಾಗದದಲ್ಲಿ ಸುಳ್ಳು ಬರೆದೆ. ಆಮೇಲೆ ಆದದ್ದಕ್ಕೆಲ್ಲ ಊರು ಅಣ್ಣನನ್ನು ದೂರಿದಾಗ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ. ಒಂಬತ್ತು ವರ್ಷ ಬಿಡಲಿಲ್ಲ.

ನಾನು ಓದಿದ್ದು ಇಳಕಲ್ಲಿನಲ್ಲಿ, ನಾಲ್ಕನೇ ಇಯತ್ತೆಯವರೆಗೆ. ಐದನೆಯದಕ್ಕೆ ಹೆಸರು ಹಚ್ಚುವ ಹೊತ್ತಿಗೆ ಅವ್ವನಿಗೆ ಕೈಕೆಳಗೆ ಒಬ್ಬರು ಬೇಕಾಗಿತ್ತು. ನಮ್ಮದು ಸೀರೆ ನೇಯುವ ಮನೆ. ಇಳಕಲ್ ಸೀರೆಯ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆಯನ್ನು ಕೊಂಡಿ ಹಾಕಿ, ಬೆರಳಲ್ಲಿ ಹೊಸೆದು ಕೂಡಿಸಬೇಕು. ಅಪ್ಪ ಮಗ್ಗದ ಕುಣಿಯಲ್ಲಿ ಕೂತರೆ ಈ ಕೂಡಿಸುವ ಕೆಲಸ ಅವ್ವ, ಅಣ್ಣ, ನಾನು ಮೂವರದು. ನಾನು ಎಡಗೈಯವಳು. ಎಲ್ಲರೂ ಹೊಸೆದ ಎಳೆ ಒಂದು ಕಡೆಗೆ ಸುತ್ತಿಕೊಂಡರೆ ನನ್ನದು ಇನ್ನೊಂದು ಕಡೆಗೆ. ಅವ್ವ ಬೈಯುತ್ತಿದ್ದಳು. ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣ ಮಾತ್ರ ಎಳೆಗಳ ಮೇಲೆ ಬೆರಳಾಡಿಸಿ, “ಇಲ್ಲಿಂದ ಇಲ್ಲೀತನಾ ನಮ್ಮ ಎಡಚಿ ಕೂಡಿಸ್ಯಾಳ ನೋಡಬೇ. ಕಣ್ಣ ಮುಚ್ಚಿ ಹೇಳ್ತೇನಿ,” ಎಂದು ನಗುತ್ತಿದ್ದ. ಒಮ್ಮೆಯೂ ತಪ್ಪುತ್ತಿರಲಿಲ್ಲ.

ಅಣ್ಣ ಮಗ್ಗಕ್ಕೆ ಕೂರಲಿಲ್ಲ. ಬಾಗಲಕೋಟೆಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ ಕಲಿತು, ಅಲ್ಲಿಂದ ಯಾರದೋ ಬೆನ್ನು ಹತ್ತಿ ಗುಜರಾತಿನ ಎಣ್ಣೆ ಬಾವಿಗಳಿಗೆ ಹೋದ. ನಮ್ಮ ಓಣಿಯವರು ಎಣ್ಣೆ ಬಾವಿಯೆಂದರೆ ಕೊಡ ಇಳಿಬಿಟ್ಟು ಸೇದುವುದೇ ಎಂದು ತಿಳಿದಿದ್ದರು. “ಒಂದ ಡಬ್ಬಿ ನಮಗೂ ತರಬಾರದೇನೊ, ಲಾಟೀನಕ್ಕ ಆಕ್ಕಿತ್ತು,” ಎಂದು ಮುದುಕಿಯರು ಚಾಷ್ಟಿ ಮಾಡುತ್ತಿದ್ದರು. ಅವನ ಕೆಲಸ ಎಣ್ಣೆ ತೆಗೆಯುವುದಲ್ಲ, ಎಣ್ಣೆ ಹರಿಯುವ ಪೈಪುಗಳನ್ನು ನೋಡಿಕೊಳ್ಳುವುದು. ಎಷ್ಟು ಸವೆದಿವೆ, ಎಲ್ಲಿ ತುಕ್ಕು ಹಿಡಿದಿದೆ, ಇನ್ನೆಷ್ಟು ದಿನ ಬಾಳುತ್ತವೆ ಎಂದು ಅಳೆಯುವ ಸಾಹೇಬರ ಕೈಕೆಳಗೆ ಇದ್ದ. ಮದುವೆಯ ಮಾತು ತೆಗೆದರೆ, “ಮೊದಲ ಊರಿಗೆ ಬರ್ತೇನಿ, ಆಮ್ಯಾಲ ನೋಡೂಣು,” ಎನ್ನುತ್ತಿದ್ದ.

ನನ್ನನ್ನು ಕೊಟ್ಟದ್ದು ಹುನಗುಂದ ತಾಲ್ಲೂಕಿನ, ಮಲಪ್ರಭೆಯ ದಂಡೆಯ ಒಂದು ಹಳ್ಳಿಗೆ. ಊರವರು ಸೇರಿ ಒಂದು ನೀರಾವರಿ ಸಂಘ ಮಾಡಿಕೊಂಡಿದ್ದರು. ನದಿಯಿಂದ ನೀರೆತ್ತಿ ಮೇಲಿನ ಹೊಲಗಳಿಗೆ ಬಿಡುವ ಪಂಪಿಗೆ ನಮ್ಮ ಮನೆಯವರು ಆಪರೇಟರ್. ಪಂಪ್‌ಹೌಸಿಗೆ ಅಂಟಿಕೊಂಡಿದ್ದ ತಗಡಿನ ಕೋಣೆಯೇ ನಮ್ಮ ಸಂಸಾರ. ಮೋಟರ್ ಓಡುತ್ತಿದ್ದರೆ ಗೂಡಿನ ಮೇಲಿನ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಆ ಸಪ್ಪಳ ನಿಂತರೆ ಮಲಗಿದ ಮಕ್ಕಳು ಎಚ್ಚರಗೊಂಡು ಅಳುತ್ತಿದ್ದವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೇಸಿಗೆಯಲ್ಲಿ ಅಣ್ಣ ರಜೆಗೆ ಬಂದ. ಬಾಗಲಕೋಟೆಯಲ್ಲಿ ರೈಲು ಇಳಿದು, ಇಳಕಲ್ಲಿಗೆ ಹೋಗಿ ಅವ್ವನನ್ನು ನೋಡಿ, ನಮ್ಮಲ್ಲಿಗೆ ಬಂದ. ಅದೇ ದಿನ ನಮ್ಮ ಮನೆಯವರು ಪಂಪು ಬಿಚ್ಚಿಕೊಂಡು ಕೂತಿದ್ದರು. ನೀರು ಮೇಲೇರುತ್ತಿರಲಿಲ್ಲ. ಒಳಗಿನ ಚಕ್ರದ ಎಲೆಗಳು ಅಂಚಿನಲ್ಲಿ ಹಪ್ಪಳದಂತೆ ತೆಳ್ಳಗಾಗಿದ್ದವು. ಅಣ್ಣ ಕೈಕಾಲು ತೊಳೆಯುವ ಮೊದಲೇ ಆ ಚಕ್ರವನ್ನು ಎತ್ತಿ ಬಿಸಿಲಿಗೆ ಹಿಡಿದ.

“ಅಳಿಯಾರ, ಈ ರೋಗ ನಮ್ಮ ಎಣ್ಣಿ ಬಾವ್ಯಾಗಷ್ಟ ಐತಿ ಅಂತ ಮಾಡಿದ್ದೆ. ಇಲ್ಲೂ ಐತಲ್ರಿ.”

“ಏನ ರೋಗರಿ, ಮಾವಾರ?”

“ಉಸುಕಿನ ರೋಗ.”

ಚಹಾ ಕುಡಿಯುತ್ತ ಅವನು ಹೇಳಿದ್ದು ನನಗೆ ಈಗಲೂ ಬಾಯಿಪಾಠ. ಅಲ್ಲಿ ನೆಲದೊಳಗಿಂದ ಎಣ್ಣೆಯೊಂದೇ ಬರುವುದಿಲ್ಲ. ಗ್ಯಾಸ್ ಬರುತ್ತದೆ, ಉಪ್ಪುನೀರು ಬರುತ್ತದೆ, ಉಸುಕೂ ಬರುತ್ತದೆ. ಉಪ್ಪುನೀರು ಪೈಪಿನ ಒಳಗೆ ತುಕ್ಕು ಹಿಡಿಸುತ್ತದೆ. ಉಸುಕು ಆ ತುಕ್ಕಿನ ಪದರವನ್ನು ಕೆರೆದು ಒಯ್ಯುತ್ತದೆ. ಕೆಳಗಿನ ಹೊಸ ಕಬ್ಬಿಣ ಮತ್ತೆ ತುಕ್ಕು ಹಿಡಿಯುತ್ತದೆ, ಉಸುಕು ಮತ್ತೆ ಕೆರೆಯುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಹಚ್ಚಿದ ಪೈಪು ಹೊಸದರಂತೆಯೇ ಇರುತ್ತದೆ.

“ಅಲ್ಲಿ ಒಡದ್ರ ನೀರ ಬರೂದಿಲ್ಲ, ತಂಗೆವ್ವಾ. ಬೆಂಕಿ ಬರ್ತೈತಿ. ಅದಕ್ಕ ನಾವು ದಿನಾ ನೋಡ್ತೇವಿ.”

“ಒಳಗ ಸವದದ್ದು ಹೊರಗಿನಿಂದ ಹೆಂಗ ಕಾಣತೈತೊ?” ಎಂದು ಕೇಳಿದೆ.

ಅವನಿಗೆ ಆ ಪ್ರಶ್ನೆಯೇ ಬೇಕಾಗಿತ್ತು. ಎದ್ದು ನನ್ನನ್ನು ಪೈಪಿನ ಬೆಂಡಿನ ಹತ್ತಿರ ಕರೆದೊಯ್ದ. ಪಂಪಿನಿಂದ ಮೇಲೆ ಬಂದ ದಪ್ಪ ಪೈಪು ಗೋಡೆ ದಾಟುವ ಮುಂಚೆ ನನ್ನ ಎದೆಯ ಎತ್ತರದಲ್ಲಿ ಸೊಟ್ಟಗೆ ತಿರುಗುತ್ತಿತ್ತು. ಆ ತಿರುವಿನ ಹೊರಬೆನ್ನಿನ ಮೇಲೆ ಕೈಯಿಟ್ಟ.

“ಬಾದಾಮಿಗೆ ಹೋಗೋವಾಗ ಬಸ್ಸು ತಿರುಗಿದಾಗ ನೀ ಆ ಮುದುಕಿ ತೊಡಿಮ್ಯಾಲ ಹೋಗಿ ಬಿದ್ದಿದ್ದಿ, ನೆನಪೈತೇನು?”

“ಆಕಿ ಬುಟ್ಯಾಗಿನ ಎಲಿ ಎಲ್ಲಾ ನನ್ನ ತಲಿಮ್ಯಾಲ!”

“ಉಸುಕೂ ಹಂಗ. ನೀರು ತಿರುಗತೈತಿ, ಉಸುಕಿಗೆ ತಿರುಗಾಕ ಬರೂದಿಲ್ಲ. ಸೀದಾ ಹೋಗಿ ಇಲ್ಲಿ ಬಡೀತೈತಿ. ನಿಮ್ಮ ನದ್ಯಾಗಿನ ಉಸುಕು ಎಲ್ಲಿದು? ಬಾದಾಮಿ ಕಡಿ ಗುಡ್ಡದ್ದು. ಆ ಗುಡ್ಡ ಬಂದು ಈ ಪೈಪ್ ತಿನ್ನಾಕತ್ತೈತಿ.”

ರಜೆ ಮುಗಿಯುವ ಮೊದಲು ಮೂರು ವ್ಯವಸ್ಥೆ ಮಾಡಿದ. ಪೈಪಿನ ಮೇಲೆ ತಿರುಪಿನ ಮುಚ್ಚಳವೊಂದನ್ನು ಬೆಸೆಸಿ, ಅದರೊಳಗೆ ಕಬ್ಬಿಣದ ತೆಳು ಪಟ್ಟಿಯೊಂದು ನೀರಿನಲ್ಲಿ ತೂಗುವಂತೆ ಮಾಡಿದ. ಮೂರು ತಿಂಗಳಿಗೊಮ್ಮೆ ಮೋಟರ್ ನಿಂತಾಗ ಆ ಪಟ್ಟಿ ತೆಗೆದು, ಬೂದಿ ಹಚ್ಚಿ ನಾರಿನಿಂದ ಮೆತ್ತಗೆ ಉಜ್ಜಿ, ಒಣಗಿಸಿ, ತೂಗಿಸಿ, ಅದರ ಜಾಗಕ್ಕೆ ಅವನು ಮೊದಲೇ ತೂಕ ಬರೆದಿಟ್ಟ ಇನ್ನೊಂದು ಪಟ್ಟಿ ಹಾಕಬೇಕು. ಎಷ್ಟು ಕಡಿಮೆಯಾಯಿತೋ ಅಷ್ಟನ್ನು ನೀರು ತಿಂದಿದೆ ಎಂದು ಅರ್ಥ. “ಹುಣಸಿಹಣ್ಣ ಹಚ್ಚಬ್ಯಾಡ ಮತ್ತ. ಅದೂ ಕಬ್ಬಿಣ ತಿಂತೈತಿ,” ಎಂದ. ಎರಡನೆಯದು, ವಾರಕ್ಕೊಮ್ಮೆ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು, ತಳಕ್ಕೆ ಎಷ್ಟು ಬೆರಳು ಉಸುಕು ಕೂರುತ್ತದೆ ಎಂದು ನೋಡುವುದು.

ಮೂರನೆಯದು ಆ ತೂತು. ಕೈ ಡ್ರಿಲ್ಲಿನಿಂದ ಬೆಂಡಿನ ಹೊರಬೆನ್ನಿನಲ್ಲಿ, ಕಡಲೆಕಾಳು ಹಿಡಿಸದಷ್ಟು ಸಣ್ಣದಾಗಿ, ಕಬ್ಬಿಣದ ಅರ್ಧ ದಪ್ಪದವರೆಗೆ ಮಾತ್ರ ಕೊರೆದ. ಆರಪಾರ ಅಲ್ಲ. ಒಳಗಿನಿಂದ ಸವೆಯುತ್ತ ಸವೆಯುತ್ತ ಬಂದು ಅರ್ಧ ದಪ್ಪ ಮುಗಿದ ದಿನ ಆ ತೂತಿನಲ್ಲಿ ನೀರು ಕಾಣಿಸುತ್ತದೆ. ಇನ್ನರ್ಧ ಸುತ್ತಲೂ ಉಳಿದಿರುವುದರಿಂದ ಪೈಪು ಕೂಡಲೇ ಒಡೆಯುವುದಿಲ್ಲ, ಆದರೆ ಹೆಚ್ಚು ದಿನ ನಿಲ್ಲುವುದೂ ಇಲ್ಲ.

“ಇದಕ್ಕ ನಾವು ಕಣ್ಣ ಅಂತೇವಿ. ಕಣ್ಣ ಅಳಾಕತ್ತಿತು ಅಂದ್ರ ಮೋಟರ್ ಬಂದ್. ಬೆಂಡ್ ಬದಲಿ ಮಾಡೂತನಾ ಚಾಲೂ ಮಾಡಬಾರದು. ನನಗ ಕಾಗದ ಹಾಕು. ಅಳಿಯಾರಿಗೆ ಅಕ್ಷರ ಬರೂದಿಲ್ಲ, ನೀನ ನೋಡ್ಕೋಬೇಕು.”

ಸಂಘದ ಚೇರ್ಮನ್ನರು ಬಂದು ನೋಡಿದರು. ದೊಡ್ಡ ಪೇಟ, ದೊಡ್ಡ ದನಿಯ ಮನುಷ್ಯ. ಚೊಲೊ ಪೈಪಿಗೆ ತೂತು ಯಾಕೆ ಎಂದು ಮೊದಲು ಹುಬ್ಬುಗಂಟಿಕ್ಕಿದರು. ಅಣ್ಣ ಬಿಡಿಸಿ ಹೇಳಿದ ಮೇಲೆ ಖುಷಿಯಾದರು. “ನೀ ಆ ಗುಜರಾತದಾಗ ಯಾಕ ಸಾಯ್ತಿಯೋ ತಮ್ಮಾ. ಬರೂ ವರ್ಷ ಇಲ್ಲೇ ಬಾ. ನಮ್ಮ ಪಂಪು, ಆಚಿ ದಂಡಿ ಪಂಪು, ಸಂಗಮದ ಕಡೀವು, ಎಲ್ಲಾಕ್ಕೂ ನೀನ ಮೆಕ್ಯಾನಿಕ್. ನಾ ಮಾತ ಕೊಡ್ತೇನಿ. ಈ ನಿನ್ನ ಕಣ್ಣು ಒಂದ ವರ್ಷ ಹೆಂಗ ಕೆಲಸಾ ಮಾಡ್ತೈತಿ ನೋಡೂಣು,” ಎಂದರು.

ಅಂದು ಸಂಜೆ ನದಿಯ ಮೆಟ್ಟಿಲ ಮೇಲೆ ಕೂತು ಅಣ್ಣ ನನಗೊಂದು ಮಾತು ಹೇಳಿದ. ಅಲ್ಲಿ ಅವನನ್ನು ಗ್ಯಾಸ್ ಒತ್ತುವ ದೊಡ್ಡ ಯಂತ್ರಗಳ ಮನೆಗೆ ಹಾಕುವ ಸುದ್ದಿಯಿತ್ತು. ಆಗೀಗ ಅಲ್ಲಿ ಕೆಲಸ ಮಾಡಿ ಬಂದ ದಿನವೆಲ್ಲ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತಂತೆ. “ಇಲ್ಲೆ ಬಂದ್ಬಿಟ್ರ ಉಳೀತೇನಿ ನೋಡು,” ಎಂದ. ನಗುತ್ತಲೇ ಅಂದ. ಆದ್ದರಿಂದ ಆ ತೂತಿನ ಮೇಲೆ ಏನು ನಿಂತಿದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಗೊತ್ತಿತ್ತು.

ಕೆಲಸವನ್ನು ಚೆನ್ನಾಗಿಯೇ ಶುರು ಮಾಡಿದೆ. ಮೊದಲ ಪಟ್ಟಿಯನ್ನು ಸೀರೆಯ ತುದಿಯಲ್ಲಿ ಕಟ್ಟಿಕೊಂಡು ಹುನಗುಂದದ ಪತ್ತಾರರ ಅಂಗಡಿಗೆ ಹೋದೆ. ಅಷ್ಟು ಸಣ್ಣ ತೂಕ ಹಿಡಿಯುವ ತಕ್ಕಡಿ ಅಕ್ಕಸಾಲಿಗರ ಬಳಿ ಮಾತ್ರ ಇರುತ್ತಿತ್ತು. ಪತ್ತಾರರು ಪಟ್ಟಿ ನೋಡಿ ಕೈ ಹಿಂದೆಳೆದುಕೊಂಡರು.

“ಏನಬೇ ಇದು? ಬಂಗಾರ ತೂಗೂ ತಕ್ಕಡಿಗೆ ಕಬ್ಬಿಣ ಹಾಕ್ತಿ? ಶನಿ ಅದು.”

“ಕಾಕಾ, ನಮ್ಮ ಅಣ್ಣ ತೂಗಿಸಂದಾನ್ರಿ.”

“ನಿಮ್ಮ ಅಣ್ಣಗ ಹೇಳು, ಎಣ್ಣಿ ಬಾವ್ಯಾಗ ಬಂಗಾರ ಸಿಕ್ರ ತಗೊಂಡ ಬಾ ಅಂತ. ತೂಗಿ ಕೊಡ್ತೇನಿ.”

ಕೊನೆಗೆ ಒಪ್ಪಿದರು. ಎರಡೂ ತಟ್ಟೆಗೆ ಒಂದೊಂದು ವೀಳ್ಯದೆಲೆ ಹಾಸಿ, ಕಬ್ಬಿಣ ತಟ್ಟೆಗೆ ಮುಟ್ಟದಂತೆ ಇಟ್ಟು, ತೂಕದ ಬಟ್ಟುಗಳ ಜೊತೆ ಗುಲಗಂಜಿ ಹಾಕಿ ತೂಗಿದರು. ಹಾಕುವಾಗ ಇದ್ದುದಕ್ಕಿಂತ ಎರಡು ಗುಲಗಂಜಿ ಕಡಿಮೆ. ಮೂರು ತಿಂಗಳ ನಂತರ ಎರಡನೇ ಪಟ್ಟಿ ಐದು ಗುಲಗಂಜಿ ಕಡಿಮೆ ಬಂತು. ಎರಡನ್ನೂ ಕಾರ್ಡಿನಲ್ಲಿ ಬರೆದು ಹಾಕಿದೆ. “ಉಸುಕು ಜಾಸ್ತಿ ಆಗೈತಿ. ಕಣ್ಣಿನ ಮ್ಯಾಲ ಕಣ್ಣಿಡು,” ಎಂದು ಅಣ್ಣ ತಿರುಗಿ ಬರೆದ. ಪತ್ತಾರರಿಗೂ ರುಚಿ ಹತ್ತಿತ್ತು. “ನಿಮ್ಮ ಕಬ್ಬಿಣ ದಿನದಿನಕ ಬಡವಾಗಾಕತ್ತೈತಲ್ಲಬೇ,” ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ತೂತಿನಲ್ಲಿ ಒಂದು ಹನಿ ಕಂಡೆ. ಓಡಿಹೋಗಿ ಹೇಳಿದೆ. ನಮ್ಮ ಮನೆಯವರು ಮೋಟರ್ ನಿಲ್ಲಿಸಿದರು. ಚೇರ್ಮನ್ನರು ಬಂದರು, ಹಿಂದೆ ಹತ್ತು ಮಂದಿ ರೈತರು. ಯಾರೋ ಬಟ್ಟೆಯಿಂದ ಒರೆಸಿದರು. ಮತ್ತೆ ಮೋಟರ್ ಓಡಿಸಿ ಅರ್ಧ ದಿನ ಕಾದರೂ ನೀರು ಬರಲಿಲ್ಲ. ತಣ್ಣಗಿನ ಪೈಪಿನ ಮೇಲೆ ಕೂತ ಇಬ್ಬನಿ ಅದು.

“ಹೇಂತಿ ಮಾತ ಕೇಳಿ ಮೋಟರ್ ನಿಲ್ಸಾಂವ, ನಾಳೆ ಆಕಿ ಹೇಳಿದ್ರ ನದೀನೂ ನಿಲ್ಲಸ್ತಾನ!” ಎಂದ ಒಬ್ಬ. ಎಲ್ಲರೂ ನಕ್ಕರು. ಚೇರ್ಮನ್ನರು ನಗಲಿಲ್ಲ. “ಇನ್ನೊಮ್ಮೆ ಹಿಂಗ ಸುಳ್ಳಸುಳ್ಳ ನಿಲ್ಲಿಸಿದ್ರ ಬ್ಯಾರೆ ಆಪರೇಟರ್ ನೋಡ್ತೇನಿ,” ಎಂದು ಹೋದರು. ನಮ್ಮ ಮನೆಯವರು ಅಂದು ಊಟ ಮಾಡಲಿಲ್ಲ. ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಶಿವರಾತ್ರಿ ಹತ್ತಿರ ಬಂದಿತ್ತು. ಮೇಲಿನ ಹೊಲಗಳಲ್ಲಿ ಸೇಂಗಾ ಕಾಯಿ ಕಟ್ಟುವ ಹೊತ್ತು. ನದಿಯ ನೀರು ಇಳಿದು, ಬಾಟಲಿಯ ತಳದಲ್ಲಿ ಒಂದೂವರೆ ಬೆರಳು ಉಸುಕು ಕೂರುತ್ತಿತ್ತು. ಒಂದು ಮಧ್ಯಾಹ್ನ ನಮ್ಮ ಮನೆಯವರು ಕಾಲುವೆ ನೋಡಲು ಮೇಲೆ ಹೋಗಿದ್ದರು. ನಾನು ಪಂಪ್‌ಹೌಸ್ ಕಸ ಗುಡಿಸುತ್ತಿದ್ದೆ. ಮೊಣಕೈಗೆ ಏನೋ ಚುಚ್ಚಿದಂತಾಯಿತು. ನೋಡಿದರೆ, ಕಣ್ಣಿನಿಂದ ಸೂಜಿಯಷ್ಟು ಸಣ್ಣ ನೀರಿನ ಎಳೆ ನೆಟ್ಟಗೆ ಹೊರಟು ಎದುರಿನ ಗೋಡೆಗೆ ಬಡಿಯುತ್ತಿತ್ತು. ಬಟ್ಟೆಯಿಂದ ಒರೆಸಿದೆ. ಮತ್ತೆ ಬಂತು. ಹೆಬ್ಬೆರಳು ಒತ್ತಿ ಹಿಡಿದೆ. ಬೆರಳಿನ ಕೆಳಗೆ ಅದು ಜೀವ ಇದ್ದಂತೆ ಒದೆಯಿತು.

ಎಷ್ಟು ಹೊತ್ತು ಹಾಗೆ ಬೆರಳಿಟ್ಟು ನಿಂತಿದ್ದೆನೋ. ಹೇಳಿದರೆ ಇವರು ನಿಲ್ಲಿಸಲೇಬೇಕು. ನಿಲ್ಲಿಸಿದರೆ ಹೊಸ ಬೆಂಡು ಬರುವವರೆಗೆ ಸೇಂಗಾ ಒಣಗುತ್ತದೆ. ಊರು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಹೇಳದಿದ್ದರೆ? ಬೆಳೆಗೆ ಇನ್ನೆರಡೇ ಸಲ ನೀರು ಹಾಯಿಸುವುದು ಬಾಕಿ ಇತ್ತು. ಎರಡು ನೀರು ದಾಟಿಸಿ ಹೇಳಿದರಾಯಿತು ಎಂದುಕೊಂಡೆ. ಖರೆ ಹೇಳಬೇಕೆಂದರೆ, ಅಷ್ಟೂ ವಿಚಾರ ಮಾಡಿರಲಿಲ್ಲ. ಆ ಹತ್ತು ಮಂದಿ ನಕ್ಕ ನಗೆ ಕಿವಿಯಲ್ಲಿತ್ತು, ಅಷ್ಟೇ.

ಇಳಕಲ್ಲಿನಿಂದ ತಂದ ರೇಷ್ಮೆಯ ಎಳೆಗಳು ನನ್ನ ಪೆಟ್ಟಿಗೆಯಲ್ಲಿದ್ದವು, ಹರಿದ ಸೆರಗು ಹೊಲಿಯಲೆಂದು ಅವ್ವ ಕೊಟ್ಟವು. ಹಿಂದೆ ಕಿವಿಯ ಓಲೆಯ ಬಿರುಕು ತುಂಬಲು ಪತ್ತಾರರು ಕೊಟ್ಟಿದ್ದ ಅರಗಿನ ಚೂರೂ ಉಳಿದಿತ್ತು. ಜಾಲಿಯ ಒಂದು ಕಡ್ಡಿ ಚೂಪು ಮಾಡಿ, ಕೆಂಪು ರೇಷ್ಮೆ ಹೊಸೆದು ಬಿಗಿಯಾಗಿ ಸುತ್ತಿ, ಅರಗು ಕಾಸಿ ಹಚ್ಚಿ, ಮೋಟರ್ ನಿಂತಾಗ ಆ ಕಣ್ಣಿಗೆ ಬಡಿದು ಕೂರಿಸಿದೆ. ಮೇಲೆ ಗ್ರೀಸು ಮೆತ್ತಿದೆ. ಮಗ್ಗದ ಮನೆಯ ಕೈ. ಒಂದು ಹನಿಯೂ ಜಿನುಗಲಿಲ್ಲ. ಮರುದಿನ ಅಣ್ಣನಿಗೆ ಕಾರ್ಡು ಬರೆದೆ: ಇಲ್ಲಿ ಎಲ್ಲರೂ ಕ್ಷೇಮ, ಕಣ್ಣು ಒಣಗಿ ಐತಿ.

ಹದಿನಾರು ದಿನ ತಡೆಯಿತು. ಹದಿನೇಳನೆಯ ದಿನ ಬಿಸಿಲೇರುವ ಹೊತ್ತಿಗೆ ನಾನು ಹೊರಗೆ ರೊಟ್ಟಿ ತಟ್ಟುತ್ತಿದ್ದೆ. ತಗಡು ಹರಿದಂಥ ಸಪ್ಪಳ, ಹಿಂದೆಯೇ ನೀರಿನ ಭೋರು. ಬೆಂಡು ಹೊರಬೆನ್ನಿನ ಉದ್ದಕ್ಕೂ ಬಾಯಿ ಬಿಟ್ಟಿತ್ತು. ನೀರಿನ ಹೊಡೆತಕ್ಕೆ ನಮ್ಮ ಮನೆಯವರು ಗೋಡೆಗೆ ಅಪ್ಪಳಿಸಿ ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದರು. ಮೋಟರ್ ಮೇಲೆ ನೀರು ಬಿದ್ದು ಸುಟ್ಟಿತ್ತು. ನಮ್ಮ ಕೋಣೆಯ ಪಾತ್ರೆಗಳು ನದಿಯ ಮೆಟ್ಟಿಲವರೆಗೆ ತೇಲಿಹೋಗಿದ್ದವು. ಮಕ್ಕಳು ಹೊರಗಿದ್ದವು. ಅದೊಂದನ್ನು ದೇವರು ನಡೆಸಿಕೊಟ್ಟ.

ತಂತಿ ಕೊಟ್ಟ ಐದನೆಯ ದಿನಕ್ಕೆ ಅಣ್ಣ ಬಂದ. ಬಂದವನೇ ಒಡೆದ ಬೆಂಡನ್ನು ಬಿಸಿಲಿಗೆ ಎಳೆದು ಮುಂದೆ ಕೂತ. ಹರಿದ ಅಂಚು ಕಾಗದದಷ್ಟು ತೆಳ್ಳಗಿತ್ತು. ಹರಿದ ಜಾಗದ ಪಕ್ಕದಲ್ಲೇ ಕಣ್ಣು ಉಳಿದಿತ್ತು. ಉಗುರಿನಿಂದ ಗ್ರೀಸು ಕೆರೆದ. ಚಾಕುವಿನ ತುದಿ ಹಾಕಿ ಕಡ್ಡಿಯನ್ನು ಮೀಟಿ ತೆಗೆದ. ಕೆಂಪು ರೇಷ್ಮೆಯ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಬಿಚ್ಚತೊಡಗಿದ. ಒಂದು ಸುತ್ತು ಬಿಚ್ಚಿದ. ಇನ್ನೊಂದು ಸುತ್ತಿಗೆ ಅವನ ಬೆರಳು ನಿಂತಿತು. ಎಳೆಯ ಹೊಸೆತ ಉಲ್ಟಾ ಇತ್ತು.

ನಾನು ಹತ್ತು ಮಾರು ದೂರದಲ್ಲಿ, ಕೊಡ ಹಿಡಿದು ನಿಂತಿದ್ದೆ. ಅವನು ತಲೆಯೆತ್ತಿ ನನ್ನ ಕಡೆ ನೋಡಲಿಲ್ಲ. ಕಡ್ಡಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

ಅಂದೇ ಸಂಘದ ಮಂದಿ ಸೇರಿದರು. ನಾನು ಬಾಗಿಲ ಹಿಂದೆ. ನಮ್ಮ ಮನೆಯವರು ಕೈಗೆ ಪಟ್ಟಿ ಕಟ್ಟಿಕೊಂಡು ಮೂಲೆಯಲ್ಲಿ.

“ತೂತ ಕೊರದಾಂವ ನೀನ ಹೌದಲ್ಲೊ?” ಚೇರ್ಮನ್ನರು ಕೇಳಿದರು.

“ಹೌದ್ರಿ.”

“ಚೊಲೊ ಪೈಪಿಗೆ ತೂತ ಹೊಡದ್ರ ಅದು ಒಡೀದ ಏನ ಮಾಡ್ತೈತೊ? ಕೂಸಿಗೆ ತಿಳಿಯೂ ಮಾತು.”

“ಮೊದಲ ಕಣ್ಣಾಗ ನೀರ ಬರ್ತೈತಿ ಅಂದಿದ್ದಿಯಲ್ಲ ಸಾಹೇಬಾ. ಎಲ್ಲಿ ಬಂತೊ?” ಎಂದ ಇನ್ನೊಬ್ಬ. “ಆಪರೇಟರ್ ಮಲಗಿದ್ನೋ, ನಿನ್ನ ಕಣ್ಣಿಗೆ ಪೊರಿ ಬಂದಿತ್ತೊ?”

ಅಣ್ಣ ಕಿಸೆಯ ಮೇಲೆ ಕೈಯಿಟ್ಟ. ಈಗ ತೆಗೆಯುತ್ತಾನೆ ಎಂದುಕೊಂಡೆ. ತೆಗೆಯಲಿ ಎಂದೂ ಅನ್ನಿಸಿತು, ದೇವರೇ ಬೇಡ ಎಂದೂ ಅನ್ನಿಸಿತು.

“ಅಳಿಯಾರದೇನೂ ತಪ್ಪಿಲ್ರಿ,” ಎಂದ. “ನೀರ ಬರಲೇ ಇಲ್ಲ. ನನ್ನ ಅಂದಾಜ ತಪ್ಪಿತು.”

ನಾನು ಎರಡು ಹೆಜ್ಜೆ ಹಾಕಿದ್ದರೆ ಹೊರಗೆ ಬರುತ್ತಿದ್ದೆ. ಬಾಗಿಲ ಚೌಕಟ್ಟು ಹಿಡಿದ ಕೈ ಬಿಡಲಾಗಲಿಲ್ಲ. ಇವರ ಮುರಿದ ಕೈ ನೋಡಿದೆ, ಮಕ್ಕಳನ್ನು ನೋಡಿದೆ, ಮತ್ತೆ ಆ ಚೌಕಟ್ಟನ್ನೇ ನೋಡುತ್ತ ನಿಂತೆ. ಇವರ ನೌಕರಿ ಉಳಿಯಿತು. ಮೆಕ್ಯಾನಿಕ್ಕಿನ ಮಾತನ್ನು ಮತ್ತಾರೂ ಎತ್ತಲಿಲ್ಲ. ಬಸ್ಸಿಗೆ ಹೊರಟಾಗ ಅಣ್ಣ ನನಗೆ ಹೇಳಿದ್ದು ಇಷ್ಟೇ: “ಮಕ್ಕಳ್ನ ಪೈಪಿನ ಹತ್ರ ಬಿಡಬ್ಯಾಡವಾ.”

ತೂತು ಕೊರೆಯುವ ಬೈರಿಗಿಯ ನೆಪ ಹಿಡಿದು ಊರು ಅವನಿಗೆ ಬೈರಿಗಿ ಸಾಹೇಬ ಎಂದು ಹೆಸರಿಟ್ಟಿತು. ಏನಾದರೂ ಕೆಟ್ಟರೆ, “ಬೈರಿಗಿ ಸಾಹೇಬ್ರು ಬಂದಿದ್ರೇನು?” ಎನ್ನುವುದು ರೂಢಿಯಾಯಿತು. ನನ್ನ ಮಕ್ಕಳೂ ಆಟದಲ್ಲಿ ಆ ಮಾತು ಆಡುವುದನ್ನು ಕೇಳಿದೆ. ಬೈದೆ. ಯಾಕೆ ಬೈದೆ ಎಂದು ಹೇಳಲಿಲ್ಲ.

ಅಣ್ಣನನ್ನು ಆ ಯಂತ್ರಗಳ ಮನೆಗೆ ಹಾಕಿದರು. ವರ್ಷಕ್ಕೊಮ್ಮೆ ಇಳಕಲ್ಲಿಗೆ ಬರುತ್ತಿದ್ದ. ನಮ್ಮ ಹಳ್ಳಿಗೆ ಕಾಲಿಡಲಿಲ್ಲ. ಮೊದಲ ವರ್ಷ ಅವ್ವನಿಗೆ, “ಏನಂದಿ?” ಎಂದು ಎರಡೆರಡು ಸಲ ಕೇಳುತ್ತಿದ್ದ. ಆಮೇಲಿನ ವರ್ಷಗಳಲ್ಲಿ ಮಾತಾಡುವವರ ತುಟಿ ನೋಡತೊಡಗಿದ. ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ ಕೇಳಿದ್ದಕ್ಕೆ ಬೇರೇನೋ ಉತ್ತರ ಕೊಟ್ಟನಂತೆ. ಅದೂ ಅಲ್ಲಿಗೇ ನಿಂತಿತು. ನಾನು ನಾಲ್ಕು ಸಲ ಕಾಗದ ಬರೆದು ನಾಲ್ಕು ಸಲವೂ ಒಲೆಗೆ ಹಾಕಿದೆ. ಸುಳ್ಳು ಬರೆದದ್ದು ಕಾಗದದಲ್ಲಿ. ಖರೆಯನ್ನೂ ಅದರಲ್ಲೇ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಬಾಯಿಂದ ಹೇಳಬೇಕಾಗಿತ್ತು. ಬನಶಂಕರಿಗೆ ಅವ್ವನ ಹರಕೆ ತೀರಿಸಲು ಹೋದಾಗ ಹೊಂಡದ ದಂಡೆಯಲ್ಲಿ ಪಕ್ಕದಲ್ಲೇ ಕೂತು, “ಅಣ್ಣಾ, ಆ ಕಣ್ಣಾಗ ನೀರ ಬಂದಿತ್ತು,” ಎಂದೆ. ಅವನು ನೀರು ನೋಡುತ್ತ ಕೂತೇ ಇದ್ದ. ಕೇಳಿಸಿರಲಿಲ್ಲ. ನನಗೆ ಸಮಾಧಾನವಾಯಿತು. ನಾಚಿಕೆಯ ಮಾತು, ಆದರೆ ಅಂದು ಹಗುರಾಗಿ ಮನೆಗೆ ಬಂದೆ.

ಎಂಬತ್ತರ ದಶಕದ ಕೊನೆಗೆ ಅವನು ಕೆಲಸ ಬಿಟ್ಟು ಬಂದ. ಒಳ್ಳೆಯ ಕಿವಿ ಡಾಕ್ಟರು ಬಾಗಲಕೋಟೆಯಲ್ಲಿದ್ದಾರೆಂದು ಯಾರೋ ಹೇಳಿದರು. ಜೊತೆಗೆ ನಾನೇ ಹೋದೆ. ಡಾಕ್ಟರು ದೀಪ ಹಾಕಿ ನೋಡಿದರು, ಲೋಹದ ಕವಲುಕಡ್ಡಿ ಬಡಿದು, ಅದರ ನಾದ ಕೇಳುತ್ತದೆಯೇ ಎಂದು ಕಿವಿಗೆ ಹಿಡಿದರು. ಯಂತ್ರದ ಮನೆಗೆ ಹೋಗಿ ಎಷ್ಟು ವರ್ಷವಾಯಿತು ಎಂದು ಕೇಳಿದರು. ಅಣ್ಣನಿಗೆ ಕೇಳಿಸಲಿಲ್ಲ. ಉತ್ತರ ನಾನು ಕೊಟ್ಟೆ. ಒಂಬತ್ತು.

“ಒಳಗಿನ ನರ ಸವದ ಹೋಗ್ಯಾವು. ಈಗ ಔಷಧ ಇಲ್ಲ. ಆಗಲೇ ಆ ಗದ್ದಲಾ ಬಿಟ್ಟ ಬಂದಿದ್ರ ಇಷ್ಟ ಆಕ್ಕಿರಲಿಲ್ಲವಾ,” ಎಂದರು. ಒಳಗಿನಿಂದ ಸವೆಯುತ್ತದೆ, ಹೊರಗೆ ಕಾಣುವುದಿಲ್ಲ ಎಂದು ಅಣ್ಣ ನನಗೆ ಎಂದೋ ಕಲಿಸಿದ್ದ ಪಾಠವನ್ನು ಡಾಕ್ಟರು ಮತ್ತೆ ಹೇಳಿದಂತಿತ್ತು.

ತಿರುಗಿ ಬರುವಾಗ ಇಳಕಲ್ ಬಸ್ಸು ಹಿಡಿಯಲು ಹುನಗುಂದದಲ್ಲಿ ಇಳಿದೆವು. ನಿಲ್ದಾಣದ ಕಟ್ಟೆಯ ಮೇಲೆ ನಮ್ಮ ಊರಿನ ಏಳೆಂಟು ಮಂದಿ ಕೂತಿದ್ದರು. ನಡುವೆ ಚೇರ್ಮನ್ನರು. ಪೇಟ ಹಾಗೇ ಇತ್ತು, ಹಲ್ಲು ಬಿದ್ದಿದ್ದವು. ಅಣ್ಣನನ್ನು ಕಂಡು ಕೈಯೆತ್ತಿದರು.

“ಏನ್ ಬೈರಿಗಿ ಸಾಹೇಬ್ರ! ಭಾಳ ದಿನಕ್ಕ. ಇನ್ನ ಎಲ್ಲೆರ ತೂತ ಹೊಡಿಯೂದ ಉಳದೈತೇನು?”

ಮಂದಿ ನಕ್ಕಿತು. ಅಣ್ಣನೂ ನಕ್ಕ. ಕ್ಷೇಮ ಕೇಳಿದರು ಎಂದು ತಿಳಿದಿದ್ದ. ಎರಡೂ ಕೈ ಜೋಡಿಸಿ, “ಆರಾಮ ಇದ್ದೇನ್ರಿ, ನೀವು ಆರಾಮರಿ?” ಎಂದ. ಆ ನಗುಮುಖದಲ್ಲೇ ನನ್ನ ಕಡೆ ತಿರುಗಿದ.

“ಏನಂದ್ರವಾ ಚೇರ್ಮನ್ನರು?”

“ಏನಿಲ್ಲ,” ಎಂದೆ.

“ಹಾಂ?”

“ಏನಿಲ್ಲಣ್ಣಾ.”

“ಜೋರ ಹೇಳವಾ, ಕೇಳಸೂದಿಲ್ಲ.”

ಅವನು ಕಿವಿಯ ಹಿಂದೆ ಕೈಯಿಟ್ಟು ನನ್ನ ತುಟಿ ನೋಡುತ್ತ ನಿಂತ. ಮೆಲ್ಲಗೆ ಹೇಳಿ ತಪ್ಪಿಸಿಕೊಳ್ಳುವ ದಾರಿಯನ್ನು ನಾನೇ ಮುಚ್ಚಿದ್ದೆ. ಅವನಿಗೊಬ್ಬನಿಗೇ ಹೇಳುವ ಹಾಗೆ ಈಗ ಯಾವ ಮಾತೂ ಉಳಿದಿರಲಿಲ್ಲ. ಅವನಿಗೆ ಮುಟ್ಟಬೇಕಾದರೆ ಇಡೀ ನಿಲ್ದಾಣಕ್ಕೆ ಮುಟ್ಟಬೇಕು. ಬಸ್ಸಿನ ಕಿಟಕಿಗಳಿಂದ ಮುಖಗಳು ನೋಡುತ್ತಿದ್ದವು. ನಾನು ಸೆರಗು ಬಾಯಿಂದ ತೆಗೆದೆ.

“ಅಣ್ಣಾ! ಕಣ್ಣಾಗ ನೀರ ಬಂದಿತ್ತು! ನಾ ಮುಚ್ಚಿದೆ!”

ಕಟ್ಟೆಯ ಮೇಲಿನ ನಗು ನಿಂತಿತು. ಚೇರ್ಮನ್ನರು, “ಏನಂತಾಳ ಈಕಿ?” ಎಂದರು. ಅಣ್ಣ ಬೇಡ ಎನ್ನುವಂತೆ ನನ್ನ ಕೈ ಹಿಡಿದ. ಒಂಬತ್ತು ವರ್ಷದ ಹಿಂದೆ ಕಡ್ಡಿ ಕಿಸೆಗೆ ಹಾಕಿಕೊಂಡ ಕೈ. ನಾನು ಬಿಡಿಸಿಕೊಂಡೆ. ಇನ್ನೂ ಜೋರಾಗಿ, ಮೋಟರ್ ಓಡುವಾಗ ಒಬ್ಬರನ್ನೊಬ್ಬರು ಕೂಗುತ್ತೇವಲ್ಲ ಹಾಗೆ, ಕೂಗಿ ಹೇಳಿದೆ:

“ರೇಷ್ಮಿ ಸುತ್ತಿ, ಅರಗ ಹಚ್ಚಿ ನಾನ ಮುಚ್ಚಿದೆ. ನಿನಗ ಸುಳ್ಳ ಕಾಗದ ಹಾಕಿದೆ. ನಮ್ಮ ಮನ್ಯಾರಿಗೂ ಗೊತ್ತಿಲ್ಲ. ನಿನ್ನ ಅಂದಾಜ ತಪ್ಪಿರಲಿಲ್ಲಣ್ಣಾ, ನಾ ತಪ್ಪಿದೆ. ನಿನ್ನ ಬೈಯೂವಾಗ ಬಾಗಲಾಗ ನಿಂತು ಸುಮ್ಮನಿದ್ದೆ. ತಪ್ಪಾತಣ್ಣಾ. ನಂದ ತಪ್ಪಾತು. ಹೊಟ್ಟ್ಯಾಗ ಹಾಕ್ಕೊ.”